ಮಧ್ಯಾಹ್ನ ಎರಡಕ್ಕೆ, ತಗಡಿನ ಕೆಳಗೆ

ಸಿರುಗುಪ್ಪ
12 ಮಾರ್ಚ್ 2025, ಬುಧವಾರ

ಹೊನ್ನೂರಸ್ವಾಮಿ ಮಾವನಿಗೆ ಗೌತಮಿಯ ಜೈಭೀಮ್.

ನಮ್ಮ ಮನೆ ಬಿಸಿಯಾಗುವುದಿಲ್ಲ ಎಂದು ಸರ್ಕಾರ ಸುಳ್ಳು ಬರೆದಿದೆ.

ನಿನ್ನೆ ಅಕ್ಕಿ ಗಿರಣಿಯ ಹಿಂದಿನ ನಮ್ಮ ಸಾಲಿನ ಎಲ್ಲರ ಫೋನಿಗೂ ಒಂದೇ ಸಂದೇಶ ಬಂತು. 'ಮನೆಯ ಒಳಗಿನ ತಾಪ ಮಿತಿಯೊಳಗಿದೆ. ತಂಪು ಸೂರು ಅನುದಾನಕ್ಕೆ ಅರ್ಹರಲ್ಲ.' ತಗಡಿನ ಮನೆಯ ಬಡವರಿಗಾಗಿಯೇ ಈ ಯೋಜನೆ ಎಂದು ಊರೂರಿಗೆ ಆಟೋದಲ್ಲಿ ಮೈಕು ಕಟ್ಟಿ ಸಾರಿದವರು ಅವರೇ. ತಗಡಿನ ಮೇಲೆ ಬಿಸಿಲನ್ನು ವಾಪಸು ಕಳಿಸುವ ಬಿಳಿ ಬಣ್ಣ, ತಗಡಿನ ಕೆಳಗೆ ಹಲಗೆಯ ಒಳಮಾಳಿಗೆ, ಖರ್ಚೆಲ್ಲ ಸರ್ಕಾರದ್ದು ಎಂದರು. ಈಗ ನಮ್ಮ ತಗಡು ತಗಡೇ ಅಲ್ಲ ಎನ್ನುತ್ತಾರೆ.

ಮಾವ, ನೀನು ಹುಟ್ಟಿ ಬೆಳೆದದ್ದು ಇದೇ ಮನೆಯಲ್ಲಿ. ಮಧ್ಯಾಹ್ನ ಬುದ್ಧನ ಪಟದ ಮುಂದಿನ ಮೇಣದಬತ್ತಿ ಹಚ್ಚದೆಯೇ ಬಾಗಿ ನೆಲ ನೋಡುವುದನ್ನು ನೀನೂ ಕಂಡಿದ್ದೀಯ. ಕುಡತಿನಿಯಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುತ್ತಾರೆ, ಆ ಕರೆಂಟಿನಿಂದ ನಮ್ಮ ಫ್ಯಾನು ತಿರುಗುತ್ತದೆ, ತಿರುಗಿ ತಗಡಿನ ಬಿಸಿಯನ್ನು ನಮ್ಮ ಮುಖಕ್ಕೆ ತಳ್ಳುತ್ತದೆ. ಬಿಸಿಲು ಎಲ್ಲರಿಗೂ ಒಂದೇ ಎನ್ನುವವರು ಸ್ಲ್ಯಾಬಿನ ಕೆಳಗೆ ಕೂತವರು.

ಜ್ಯೋತಕ್ಕನಿಗೆ ಈ ಏಪ್ರಿಲ್ ಕೊನೆಗೆ ದಿನ ತುಂಬುತ್ತದೆ. ಚೊಚ್ಚಲು, ಹೆರಿಗೆ ತವರಿನಲ್ಲೇ ಆಗಬೇಕು ಎಂದು ಅಜ್ಜಿಯ ಹಟ. ಮೇ ತಿಂಗಳಿಡೀ ಹಸಿಗೂಸು ಈ ತಗಡಿನ ಕೆಳಗೆ ಮಲಗಬೇಕು. ಹೋದ ಮೇ ತಿಂಗಳಲ್ಲಿ ಪಕ್ಕದ ಮನೆ ಜೋಗಪ್ಪನ ಮೊಮ್ಮಗು ತೀರಿಹೋಯಿತು. ಆಸ್ಪತ್ರೆಯ ಚೀಟಿಯಲ್ಲಿ ಜ್ವರ ಎಂದಿತ್ತು. ತಗಡು ಎಂದು ಸಾಲಿನವರಿಗೆಲ್ಲ ಗೊತ್ತು.

ಮನೆಯ ತಾಪ ಅಳೆಯಲು ಬಂದ ದಿನ ನಾನು ಊರಿನಲ್ಲಿರಲಿಲ್ಲ, ಬಳ್ಳಾರಿಯ ಧರಣಿಯಲ್ಲಿ ಕರಪತ್ರ ಹಂಚುತ್ತಿದ್ದೆ. ನೀನು ಈ ಅನುದಾನ ಕೊಡುವ ಕಚೇರಿಯಲ್ಲೇ ಅಟೆಂಡರ್. ಯಾರು ಬಂದಿದ್ದರು, ಏನು ಅಳೆದರು, ಯಾರ ಮಾತು ಕೇಳಿ ನಮ್ಮನ್ನು ಬಿಟ್ಟರು, ತಿಳಿಸು. ಫೋನ್ ಮಾಡಿದರೆ 'ಮೀಟಿಂಗ್ ಐತಿ' ಎಂದು ಕಟ್ ಮಾಡುತ್ತೀಯ. ಪತ್ರವನ್ನು ಕಟ್ ಮಾಡಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗೌತಮಿ


ಬಳ್ಳಾರಿ, ಕೌಲ್ ಬಜಾರ್
19 ಮಾರ್ಚ್ 2025, ಬುಧವಾರ

ಚಿರಂಜೀವಿ ಗೌತಮಿಗೆ ಹೊನ್ನೂರಸ್ವಾಮಿಯ ಆಶೀರ್ವಾದ.

ಪತ್ರವನ್ನು ಆಫೀಸಿಗೆ ಹಾಕಿದ್ದೀಯ, ಅದೂ ಲಕೋಟೆಯ ಹಿಂದೆ 'ತಗಡಿನ ಮನೆಯವರಿಂದ' ಎಂದು ಕೆಂಪು ಪೆನ್ನಿನಲ್ಲಿ. ಗುಮಾಸ್ತ ಗವಿಸಿದ್ದೇಶ್ ಎಲ್ಲರ ಮುಂದೆ ಅದನ್ನು ಎತ್ತಿ ಹಿಡಿದು, 'ಏನ್ಲೇ ಸ್ವಾಮಿ, ಕ್ರಾಂತಿಯಿಂದ ನಿನಗ ಕಾಗದ ಬಂದೈತಿ, ಚಾ ಕುಡ್ಸು' ಎಂದ. ಚಾ ಕುಡಿಸಿದೆ. ಇನ್ನು ಮುಂದೆ ಮನೆಯ ವಿಳಾಸಕ್ಕೆ ಬರಿ.

ನಾನು ಅಟೆಂಡರ್, ಅದೂ ಹೊರಗುತ್ತಿಗೆಯವನು. ನೀರಿನ ಕ್ಯಾನ್ ಎತ್ತುವುದು, ಫೈಲು ಒಂದು ಮೇಜಿನಿಂದ ಇನ್ನೊಂದಕ್ಕೆ ಇಡುವುದು, ಇಷ್ಟೇ ನನ್ನ ಕೆಲಸ. ಅಳತೆ ಏನು ಹೇಳಿತೋ ಅದನ್ನು ಬರೆದಿದ್ದಾರೆ. ಯಾರೂ ಯಾರ ಮಾತನ್ನೂ ಕೇಳಿಲ್ಲ. ಮುಂದಿನ ವರ್ಷ ಮತ್ತೆ ಅರ್ಜಿ ಕರೆಯುತ್ತಾರೆ, ಆಗ ನೋಡೋಣ.

ಜ್ಯೋತಿಯನ್ನು ಬಾಣಂತನಕ್ಕೆ ಇಲ್ಲಿಗೆ ಕಳಿಸಿ. ನನ್ನದು ಬಾಡಿಗೆಯ ಒಂದೇ ಕೋಣೆ, ಆದರೆ ಮೇಲೆ ಸ್ಲ್ಯಾಬು ಐತಿ. ನಾನು ಆಟೋ ಸ್ಟ್ಯಾಂಡಿನಲ್ಲಿ ಮಲಗುತ್ತೇನೆ, ನನಗೇನು.

ಒಂದು ಮಾತು. ನಮ್ಮವ್ವನ ಮುಂದೆ, ನಿಮ್ಮಜ್ಜಿಯ ಮುಂದೆ, ಈ ಅಳತೆಯ ವಿಷಯ ತೆಗೆಯಬೇಡ. ಅವಳಿಗೆ ಬಿ.ಪಿ. ಐತಿ, ವಯಸ್ಸಾಗೈತಿ. ನಿನ್ನ ಸಿಟ್ಟನ್ನು ನನ್ನ ಮೇಲೆ ಹಾಕು, ಅವಳ ಹತ್ತಿರ ಒಯ್ಯಬೇಡ.

ನಿಮ್ಮಮ್ಮ ರೇಣುಕಾಗೆ ಗಿರಣಿಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡು ಎಂದು ಅಣ್ಣ ಹೇಳಿದ ಅನ್ನು.

ನಿನ್ನ ಮಾವ
ಹೊನ್ನೂರಸ್ವಾಮಿ


ಸಿರುಗುಪ್ಪ
29 ಮಾರ್ಚ್ 2025, ಶನಿವಾರ

ಮಾನ್ಯರೇ,

ಮಾವ ಎಂದು ಬರೆಯಲು ಕೈ ಬರುತ್ತಿಲ್ಲ.

ಕುರುಗೋಡಿಗೆ ಹೋಗಿದ್ದೆ. ಅಲ್ಲಿ ಬಂಡೆಯ ಗುಡ್ಡದ ಕೆಳಗೆ ನಮ್ಮದರಂಥದ್ದೇ ಒಂದು ತಗಡಿನ ಸಾಲು ಇದೆ. ಬಸ್ಸಿಳಿದು ನೋಡಿದರೆ ಸಾಲಿಗೆ ಸಾಲೇ ಬೆಳ್ಳಗೆ ಹೊಳೆಯುತ್ತಿತ್ತು. ವೀರಭದ್ರಮ್ಮ ಎಂಬವರು ಒಳಗೆ ಕರೆದು ಕೂರಿಸಿದರು. ಮಟಮಟ ಮಧ್ಯಾಹ್ನ, ಆದರೂ ಆ ಮನೆಯಲ್ಲಿ ಕೂತು ಮಾತನಾಡಬಹುದಿತ್ತು.

'ಅಳತಿಗೆ ಯಾರು ಬಂದಿದ್ರು ಅಮ್ಮಾ?' ಎಂದು ಕೇಳಿದೆ.

'ಶೀಲಾ ಅಂತ ಎಂಜಿನಿಯರ್ ಮೇಡಂ. ಜೊತಿಗೆ ಒಬ್ಬ ಅಟೆಂಡರ್. ಜ್ವರ ನೋಡೋ ಗನ್ನು ಇರ್ತೈತಲ್ಲ, ಅಂಥದ್ದನ್ನ ತಗಡಿಗೆ ಹಿಡೀತಿದ್ದ. ಮುಂಜಾನಿ ಸಿರುಗುಪ್ಪ ಮುಗಿಸ್ಕೊಂಡು ಬಂದೀವಿ ಅಂದ್ರು. ಇಲ್ಲಿಗೆ ಬರೋದ್ರಾಗ ಊಟದ ಹೊತ್ತು ಮೀರಿತ್ತು. ಪಾಪ, ಅಟೆಂಡರ್ ಮಾರಿ ಸಪ್ಪಗಿತ್ತು. ಸ್ವಾಮಿ, ಸ್ವಾಮಿ ಅಂತ ಕರೀತಿದ್ರು ಮೇಡಂ. ಗಲ್ಲದ ಮ್ಯಾಲ ಸುಟ್ಟ ಕಲೆ ಐತಿ ನೋಡು.'

ಆ ಕಲೆ ನನಗೆ ಗೊತ್ತು. ಚಿಕ್ಕವನಿದ್ದಾಗ ಗಾಳಿಪಟ ತೆಗೆಯಲು ಹತ್ತಿ, ಕಾದ ತಗಡಿನ ಮೇಲೆ ಮುಖ ಊರಿ ಬಿದ್ದವನ ಕಲೆ ಅದು.

ಅಂದರೆ ನಮ್ಮ ಮನೆಯ ತಗಡಿಗೆ ಗನ್ನು ಹಿಡಿದವರು ತಾವು. ನೀರಿನ ಕ್ಯಾನ್ ಎತ್ತುವುದಷ್ಟೇ ನನ್ನ ಕೆಲಸ ಎಂದು ಬರೆದವರೂ ತಾವು. ಕುರುಗೋಡಿನ ಸಾಲಿಗೆ ಬಿಳಿ ಬಣ್ಣ ಸಿಗಲು ಯಾವ ಮುಖಂಡ ಫೋನ್ ಮಾಡಿದ? ನಮ್ಮ ಸಾಲನ್ನು ಬಿಡಲು ಯಾರು ಹೇಳಿದರು? ಅಜ್ಜಿಯ ಮುಂದೆ ವಿಷಯ ತೆಗೆಯಬೇಡ ಎಂದದ್ದರ ಅರ್ಥ ಈಗ ಗೊತ್ತಾಯಿತು. ಮಗ ಏನು ಮಾಡಿದ ಎಂದು ತಾಯಿಗೆ ತಿಳಿಯಬಾರದು, ಅಲ್ಲವೇ?

ಕರಪತ್ರ ಬರೆಯುತ್ತಿದ್ದೇನೆ. ಏಪ್ರಿಲ್ ಹದಿನಾಲ್ಕಕ್ಕೆ, ಜಯಂತಿಯ ದಿನ ಹಂಚುತ್ತೇನೆ. ನ್ಯಾಯ ನಂಟಸ್ತಿಕೆ ನೋಡುವುದಿಲ್ಲ. ತಮ್ಮ ಹೆಸರೂ ಅದರಲ್ಲಿ ಇರುತ್ತದೆ.

ಜ್ಯೋತಕ್ಕ ತಮ್ಮ ಸ್ಲ್ಯಾಬಿನ ಕೆಳಗೆ ಬರುವುದಿಲ್ಲ.

ಗೌತಮಿ


ಬಳ್ಳಾರಿ
4 ಏಪ್ರಿಲ್ 2025, ಶುಕ್ರವಾರ

ಗೌತಮಿ,

ಹೆಸರು ಹಾಕು. ಹೊನ್ನೂರಸ್ವಾಮಿ ಎಂದು ಪೂರ್ತಿ ಹಾಕು. ಬರೀ ಸ್ವಾಮಿ ಎಂದರೆ ಊರಲ್ಲಿ ಬಹಳ ಜನ ಅದಾರ.

ಯಾವ ಮುಖಂಡನೂ ಫೋನ್ ಮಾಡಿಲ್ಲ. ಇದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ.

ಜ್ಯೋತಿ ಬಂದ ಮೇಲೆ ಹೇಗಿದ್ದಾಳೆ ಎಂದು ಒಂದು ಸಾಲು ಬರಿ. ಅಷ್ಟು ಸಾಕು.

ಹೊನ್ನೂರಸ್ವಾಮಿ


ಸಿರುಗುಪ್ಪ
14 ಏಪ್ರಿಲ್ 2025, ಸೋಮವಾರ

ಮಾವ,

ಹೊರಗೆ ಜಯಂತಿಯ ಹಲಗೆ ಬಾರಿಸುತ್ತಿದ್ದಾರೆ. ನಾನು ಇನ್ನೂ ಮೆರವಣಿಗೆಗೆ ಹೋಗಿಲ್ಲ. ಕರಪತ್ರವನ್ನು ಹಂಚಲಿಲ್ಲ, ಹರಿದುಹಾಕಿದೆ. ಯಾಕೆ ಎಂದು ಹೇಳುತ್ತೇನೆ.

ನಿನ್ನೆ ಜ್ಯೋತಕ್ಕ ಬಂದಳು. ಕುಡತಿನಿಯಿಂದ ಅವಳ ಅತ್ತೆ ಮಾವ ತಾವೇ ಕರೆತಂದು ಬಿಟ್ಟುಹೋದರು. ಅವರು ಬರುವ ಮುಂಚೆ, ನಸುಕಿನಲ್ಲಿ, ಮೇಲೆ ತಗಡು ಸಪ್ಪಳವಾಗಿ ಎಚ್ಚರವಾಯಿತು. ಬೆಕ್ಕು ಎಂದುಕೊಂಡು ಹೊರಗೆ ಬಂದರೆ ಅಜ್ಜಿ ಏಣಿಯ ಮೇಲೆ ನಿಂತಿದ್ದಳು. ಅಮ್ಮ ಗಿರಣಿಯಿಂದ ತಂದ ಹಳೆಯ ಗೋಣಿತಟ್ಟುಗಳನ್ನು ಕೊಳಗದಲ್ಲಿ ಅದ್ದಿ ಅದ್ದಿ ಕೊಡುತ್ತಿದ್ದಳು, ಅಜ್ಜಿ ತಗಡಿನ ಮೇಲೆ ಹಾಸುತ್ತಿದ್ದಳು.

'ಏನ್ ಮಾಡಾಕತ್ತಿ ಅಜ್ಜಿ?'

'ಬೀಗರು ಬರ್ತಾರಲ್ಲ. ಮನಿ ತಂಪು ಇರಬ್ಯಾಡೇನು?'

'ಬಿದ್ದು ಸೊಂಟ ಮುರ್ಕೊಂತಿ, ಇಳಿ.'

'ನೀ ಹುಟ್ಟೋಕಿಂತ ಮೊದಲಿಂದ ಹತ್ತೀನಿ. ಸುಮ್ಕ ಕೊಡ ತುಂಬು.'

ಕೊಡ ತುಂಬುತ್ತಿದ್ದ ನನಗೆ ಅಳತೆಯ ದಿನ ನೆನಪಾಯಿತು. ನಾನು ಮೆಲ್ಲಗೆ ಕೇಳಿದೆ. 'ಅಳತಿ ಮೇಡಂ ಬಂದ ದಿನಾನೂ ಹಾಸಿದ್ದೇನಜ್ಜಿ?'

'ಮತ್ತ? ಅಷ್ಟು ದೂರದಿಂದ ಹೆಣ್ಮಗಳು ನಮ್ಮ ಮನಿಗೆ ಬರ್ತಾಳ, ಬಂದು ಬೆವರಬೇಕೇನು? ಹಿಂದಿನ ದಿನ ನಿಮ್ಮ ಮಾವ ಫೋನ್ ಮಾಡಿದ್ದ, ಮೇಡಂ ಬರ್ತಾರ, ಮನಿ ಚೊಕ್ಕ ಇಡವ್ವಾ ಅಂತ. ನಾ ಸಾಲಿನೋರಿಗೆಲ್ಲ ಹೇಳಿದೆ. ಎಲ್ರೂ ಹಾಸಿದ್ರು. ನೆಲಕ್ಕ ನೀರು ಚಿಮುಕಿಸಿದ್ರು. ಆ ಮೇಡಂ ಒಳಗ ಬಂದು ಎಷ್ಟು ಹಿಗ್ಗಿದಳು ಅಂತಿ!'

ನಲ್ಲಿಗೆ ನೀರು ದಿನ ಬಿಟ್ಟು ದಿನ ಬರುತ್ತದೆ. ಅವತ್ತು ನೀರಿನ ದಿನವಾಗಿರಲಿಲ್ಲ. ಸಾಲಿನವರು ಕುಡಿಯಲು ಇಟ್ಟುಕೊಂಡ ನೀರನ್ನೇ ಸೂರಿಗೆ ಸುರಿದಿದ್ದರು, ಮಾವ. ಬಿಸಿ ಅಳೆಯಲು ಬಂದವರಿಗೆ ಬಿಸಿ ತಾಗಬಾರದೆಂದು.

ಅಜ್ಜಿ ಇನ್ನೊಂದು ಮಾತು ಹೇಳಿದಳು. 'ನಿಮ್ಮ ಮಾವಗೂ ಮಜ್ಜಿಗಿ ಕೊಟ್ಟೆ. ಗುರುತಿಲ್ಲದೋನಂಗ ಕುಡಿದು ಲೋಟ ಕೆಳಗಿಟ್ಟ.' ಅಂದು ತಟ್ಟು ಹಿಂಡಿದಳು. ಮುಖ ಕಾಣಲಿಲ್ಲ.

ನಿನ್ನ ಮೇಲೆ ಸುಳ್ಳು ಅಪವಾದ ಹೊರಿಸಿದೆ. ಅದಕ್ಕೆ ನಿನ್ನ ಕ್ಷಮೆ ಕೇಳುತ್ತೇನೆ. ಆದರೆ ಕಚೇರಿಯ ಕ್ಷಮೆ ಕೇಳುವುದಿಲ್ಲ. ತಪ್ಪು ಅಜ್ಜಿಯದೂ ಅಲ್ಲ. ಬೆಳಿಗ್ಗೆ ಒಂದು ಗಳಿಗೆ ಒಳಗೆ ಬಂದು, ಕೊಟ್ಟ ಮಜ್ಜಿಗೆ ಕುಡಿದು, ಹನ್ನೆರಡು ತಿಂಗಳ ಬಿಸಿಲನ್ನು ಇಲ್ಲ ಎಂದು ಬರೆಯುವ ನಿಯಮದ್ದು ತಪ್ಪು. ಅದೇ ಜೀಪು ಮೊದಲು ಕುರುಗೋಡಿಗೆ ಹೋಗಿ ಆಮೇಲೆ ಇಲ್ಲಿಗೆ ಬಂದಿದ್ದರೆ, ತಟ್ಟು ಒಣಗಿರುತ್ತಿತ್ತು, ನಮ್ಮ ಸೂರು ಬೆಳ್ಳಗಿರುತ್ತಿತ್ತು. ನಮ್ಮ ಮರ್ಯಾದೆಯನ್ನೇ ನಮ್ಮ ವಿರುದ್ಧ ಬರೆದುಕೊಂಡು ಹೋಗಿದ್ದಾರೆ.

ಮತ್ತೆ ಅಳೆಯಬೇಕು. ಮಧ್ಯಾಹ್ನವೇ ಅಳೆಯಬೇಕು. ಅದಕ್ಕೆ ಏನು ದಾರಿ, ಹೇಳು.

ಇನ್ನೊಂದು ಹೇಳು. ಎಲ್ಲ ಕಣ್ಣಾರೆ ಕಂಡೂ ನೀನು ಬಾಯಿ ಮುಚ್ಚಿಕೊಂಡೆ. ಹೆತ್ತವಳ ಕೈಯ ಮಜ್ಜಿಗೆಯನ್ನು ಗುರುತಿಲ್ಲದವನಂತೆ ಕುಡಿದೆ. ಯಾಕೆ ಮಾವ?

ಅಕ್ಕ ಚೆನ್ನಾಗಿದ್ದಾಳೆ. ಕಾಲು ಊದಿವೆ. ಬೀಗರು ಹೋದ ಮೇಲೆ ತಟ್ಟು ಒಣಗಿದವು. ಮಧ್ಯಾಹ್ನ ಅಕ್ಕ ಒಳಗೆ ಇರಲಾರದೆ ಗಿರಣಿಯ ಗೋಡೆಯ ನೆರಳಿಗೆ ಹೋಗಿ ಕೂತಳು, ಗೋಡೆಯ ಗುಂಟ ನೆರಳು ಸರಿದ ಹಾಗೆ ತಾನೂ ಸರಿದಳು.

ಗೌತಮಿ


ಬಳ್ಳಾರಿ
17 ಏಪ್ರಿಲ್ 2025, ಗುರುವಾರ

ಗೌತಮವ್ವಾ,

ಬೈದ ಪತ್ರಕ್ಕಿಂತ ಈ ಪತ್ರ ಓದುವುದು ಕಷ್ಟವಾಯಿತು.

ತಗಡಿನ ಅಂಚಿನಿಂದ ಹನಿ ಬೀಳುತ್ತಿತ್ತು. ಮೇಡಂ ಮೇಲೆ ನೋಡಲಿಲ್ಲ, ಅವರಿಗೆ ಸಂಜೆಯೊಳಗೆ ಇನ್ನೂ ಎಷ್ಟೋ ಊರು ಮುಗಿಸಬೇಕಿತ್ತು. ನಾನು ನೋಡಿದೆ. ಗನ್ನು ಹಿಡಿದೆ. ಅದು ತೋರಿಸಿದ್ದನ್ನು ಓದಿ ಹೇಳಿದೆ.

ಅವ್ವ ಲೋಟ ಹಿಡಿದು ನಿಂತಿದ್ದಳು. ಮೇಡಂ ಸೆರಗಿನಿಂದ ಹಣೆ ಒರೆಸಿಕೊಂಡು, 'ಯಮ್ಮಾ, ಎಷ್ಟು ತಂಪೈತ್ರಿ ನಿಮ್ಮ ಮನಿ!' ಎಂದರು. ಅವ್ವ ನನ್ನ ಕಡೆ ತಿರುಗಿ ಕಣ್ಣಲ್ಲೇ ನಕ್ಕಳು. ಮಗನ ಮೇಲಿನವರ ಮುಂದೆ ಮಗನ ಮಾನ ಉಳಿಸಿದೆ ಎಂದು ಅವಳಿಗೆ ಹೆಮ್ಮೆ. ಆಗ ನಾನು 'ಮೇಡಂ, ಇದು ನಿಮಗಾಗಿ ಮಾಡಿದ ತಂಪು, ದಿನದ್ದಲ್ಲ' ಎಂದು ಹೇಗೆ ಅನ್ನಲಿ? ಅವಳ ನಗೆ ಏನಾಗುತ್ತಿತ್ತು?

ಇದು ಅರ್ಧ ಸತ್ಯ. ಇನ್ನರ್ಧವನ್ನೂ ಕೇಳು. ಅದು ನನ್ನ ಮನೆ ಎಂದು ಮೇಡಂಗೆ ಗೊತ್ತಿರಲಿಲ್ಲ. ನಂಟಸ್ತಿಕೆ ಗೊತ್ತಾದರೆ ಸಾಲನ್ನೇ ಕೈಬಿಡುತ್ತಾರೆ, ನನ್ನನ್ನು ಮಾತಾಡಿಸಬೇಡ ಎಂದು ಫೋನಿನಲ್ಲಿ ಅವ್ವನಿಗೆ ಹೇಳಿದ್ದೆ. ಹಾಗೆಂದು ನನಗೂ ಹೇಳಿಕೊಂಡಿದ್ದೆ. ಆದರೆ ಆಫೀಸಿನಲ್ಲಿ ಯಾರಿಗೂ ನಾನು ತಗಡಿನ ಮನೆಯವನು ಎಂದು ಇವತ್ತಿನವರೆಗೆ ಹೇಳಿಲ್ಲ. ಮೊನ್ನೆ ನಿನ್ನ ಲಕೋಟೆ ಗವಿಸಿದ್ದೇಶ್ ಕೈಯಲ್ಲಿದ್ದಾಗಲೂ ಯಾರೋ ಹುಚ್ಚು ಹುಡುಗಿ ಎಂದುಬಿಟ್ಟೆ. ಅವ್ವ ಮಾತು ಪಾಲಿಸಿದಳು. ಬೇರೆಯವರ ಮಗನಿಗೆ ಕೊಟ್ಟ ಹಾಗೆ ಮಜ್ಜಿಗೆ ಕೊಟ್ಟಳು.

ನಿನ್ನೆ ಮೇಡಂ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಗೋಣಿತಟ್ಟು ಎಂದಾಗ ನಕ್ಕರು. ಕುಡಿಯುವ ನೀರು ಎಂದಾಗ ನಗೆ ನಿಂತಿತು. 'ಆ ಮನಿ ಯಾರದು ಸ್ವಾಮಿ?' ಎಂದರು. 'ನಮ್ಮದ್ರಿ. ಮಜ್ಜಿಗಿ ಕೊಟ್ಟಾಕಿ ನಮ್ಮವ್ವ' ಎಂದೆ. ಎದ್ದು ನಿಯಮದ ಫೈಲು ತೆಗೆದರು.

ಸಾಲಿನವರು ತಕರಾರು ಕೊಟ್ಟರೆ ಮತ್ತೆ ಅಳೆಯಬಹುದಂತೆ. ಈ ತಿಂಗಳ ಕೊನೆಯೊಳಗೆ ಆಗಬೇಕು, ಆಮೇಲೆ ಈ ವರ್ಷದ್ದು ಮುಗಿಯಿತು. ಆದರೆ ಒಂದು ತೊಡಕು ಐತಿ. ಬಿಸಿಲು ಜಾಸ್ತಿ ಆಗಿರುವುದರಿಂದ ಮಧ್ಯಾಹ್ನ ಸಿಬ್ಬಂದಿಯನ್ನು ಹೊರಗೆ ಕಳಿಸಬಾರದು ಎಂದು ಮೇಲಿನವರ ಸುತ್ತೋಲೆ ಬಂದೈತಿ. ಬಂದರೆ ಬೆಳಿಗ್ಗೆಯೇ ಬರಬೇಕು. ಮೇಡಂ ಹೇಳಿದ್ದು ಇಷ್ಟು: 'ತಕರಾರಿನಾಗ ಅವರು ದಿನ, ಹೊತ್ತು ಎರಡೂ ಬರೀಲಿ. ಬರೆದು ಕೊಟ್ರ ಆ ಹೊತ್ತಿಗೇ ಹೋಗಬೇಕು ಅಂತ ನಾನು ಮೇಲಿನವರಿಗೆ ಹೇಳಾಕ ಬರ್ತೈತಿ. ಬರೀಲಿಲ್ಲ ಅಂದ್ರ ನನ್ನ ಕೈಯಾಗ ಏನೂ ಇಲ್ಲ.'

ಗವಿಸಿದ್ದೇಶ್ ಬಾಗಿಲಲ್ಲಿ ಕೇಳಿಸಿಕೊಂಡಿದ್ದ. 'ಜೂನಿಗೆ ಗುತ್ತಿಗೆ ಹೊಸದು ಮಾಡೋದೈತಿ ಸ್ವಾಮಿ, ಯಾಕ ಬೇಕಿತ್ತು' ಎಂದ. ಬೇಕಿತ್ತು ಎಂದೆ.

ಹೊಸ ಕರಪತ್ರ ಬರೆದರೆ ಈ ಸಲವೂ ನನ್ನ ಹೆಸರು ಹಾಕು. ಸಾಕ್ಷಿ ಎಂದು ಹಾಕು.

ಆದರೆ ಅವ್ವ ಒಪ್ಪುತ್ತಾಳೇನು? ಬಂದವರನ್ನು ಕಾದ ಮನೆಯಲ್ಲಿ ಕೂರಿಸುವುದಕ್ಕಿಂತ ತಾನೇ ಬಿಸಿಲಲ್ಲಿ ನಿಲ್ಲುವವಳು ಅವಳು. ನನಗೆ ಅದರದ್ದೇ ಭಯ.

ಹೊನ್ನೂರಸ್ವಾಮಿ


ಸಿರುಗುಪ್ಪ
21 ಏಪ್ರಿಲ್ 2025, ಸೋಮವಾರ

ಮಾವನಿಗೆ ಜೈಭೀಮ್.

ಇದನ್ನು ಅಂಚೆಗೆ ಹಾಕುತ್ತಿಲ್ಲ, ತಡವಾಗುತ್ತದೆ. ಮೊದಲ ಬಸ್ಸಿನ ಕಂಡಕ್ಟರ್ ಎರ್ರೆಪ್ಪನ ಕೈಯಲ್ಲಿ ಕೊಡುತ್ತಿದ್ದೇನೆ. ಜೊತೆಗೆ ತಕರಾರು ಇದೆ. ಸಾಲಿನ ಎಲ್ಲ ಮನೆಯವರೂ ಸಹಿ ಹಾಕಿದ್ದಾರೆ, ಸಹಿ ಬಾರದವರು ಹೆಬ್ಬೆಟ್ಟು ಒತ್ತಿದ್ದಾರೆ. ಮೊದಲ ಹೆಬ್ಬೆಟ್ಟು ಜೋಗಪ್ಪನದು. ಯಾರೂ ಹೇಳದೆ ಬಂದು ಒತ್ತಿದ.

ನಿನ್ನ ಭಯ ನಿಜವಾಯಿತು. ನಿನ್ನ ಪತ್ರ ಬಂದಾಗಿನಿಂದ ಅಜ್ಜಿ ನನ್ನ ಜೊತೆ ಮಾತು ಬಿಟ್ಟಿದ್ದಳು. ನಿನ್ನೆ ಸಾಲಿನ ಹೆಂಗಸರೆಲ್ಲ ನಮ್ಮ ಬಾಗಿಲಲ್ಲಿ ಸೇರಿದಾಗ ಬಾಯಿ ಬಿಟ್ಟಳು.

'ಬಂದೋರ್ನ ಬೇಯ್ಸಾಕ ಕರೀತೀರೇನು? ನಮ್ಮ ಬಿಸಿ ನಮಗಿರ್ಲಿ. ಅದನ್ನ ಮಂದಿಗೆ ತೋರ್ಸಿ ಬೇಡೂದು ನನ್ನ ಜನ್ಮದಾಗ ಆಗಿಲ್ಲ.'

'ಬೇಡೋದಲ್ಲಜ್ಜಿ. ನಮ್ಮದನ್ನ ನಾವು ಕೇಳೋದು' ಎಂದೆ.

'ನಿನ್ನ ಕರಪತ್ರ ನಿನ್ನ ಹತ್ರ ಇಟ್ಕೊ.'

ಆ ಮಾತಿಗೆ ಎಲ್ಲರೂ ನಕ್ಕರು. ನಾನು ಓದಿದ ಯಾವ ಕಿರುಹೊತ್ತಗೆಯಲ್ಲೂ ಅಜ್ಜಿಗೆ ಹೇಳುವ ಮಾತು ಬರೆದಿಲ್ಲ. ಅದನ್ನು ಹೇಳಿದವಳು ಜ್ಯೋತಕ್ಕ. ಅವಳು ಚಾಪೆಯ ಮೇಲೆ ಹೊಟ್ಟೆ ಹಿಡಿದು, ಒದ್ದೆ ಬಟ್ಟೆಯನ್ನು ಎದೆಯ ಮೇಲೆ ಹಾಕಿಕೊಂಡು ಒರಗಿದ್ದಳು. ಎದ್ದು ಕೂರಲೂ ಇಲ್ಲ.

'ಅಜ್ಜಿ, ಮೇಡಂ ಬಂದ್ಲು, ಗೋಣಿ ಹಾಸಿದಿ. ನಮ್ಮ ಅತ್ತಿ ಬಂದ್ಲು, ಗೋಣಿ ಹಾಸಿದಿ. ಅವರೆಲ್ಲ ಮಜ್ಜಿಗಿ ಕುಡಿದು ಎದ್ದು ಹೋದ್ರು. ನನ್ನ ಕೂಸು ಎದ್ದು ಎಲ್ಲಿಗೆ ಹೋಗ್ಬೇಕು ಹೇಳು? ಅದು ಬಂದು ಇಲ್ಲೇ ಇರ್ತೈತಿ. ಅದಕ್ಕೆ ದಿನಾ ಹಾಸ್ತೀಯೇನು?'

ಅಜ್ಜಿ ಎದ್ದು ಹಿತ್ತಲಿಗೆ ಹೋದಳು. ಒಣಗಿದ ತಟ್ಟುಗಳನ್ನು ಒಂದೊಂದಾಗಿ ಕೊಡವಿ, ಮಡಚಿ, ಹಗ್ಗ ಬಿಗಿದು ಕಟ್ಟಿ ಅಮ್ಮನ ಮುಂದೆ ಇಟ್ಟಳು. 'ಇವನ್ನ ಗಿರಣಿಗೆ ವಾಪಸು ಕೊಟ್ಟು ಬಾ ರೇಣುಕಾ. ಮನ್ಯಾಗ ಇದ್ರ ನನ್ನ ಕೈ ಸುಮ್ಕಿರಂಗಿಲ್ಲ.' ಆಮೇಲೆ ನನ್ನ ಕಡೆ ಬೆರಳು ತೋರಿಸಿ, 'ಮಜ್ಜಿಗಿ ಮಾತ್ರ ಕೊಡ್ತೀನಿ. ಅದಕ್ಕೂ ನಿಮ್ಮ ಕಾನೂನು ಅಡ್ಡ ಬಂದ್ರ, ಕಾನೂನು ಹೊರಗ ಬಿಸಿಲಾಗ ನಿಂತಿರ್ಲಿ' ಎಂದಳು.

ಇದು ತಕರಾರಿನ ಒಕ್ಕಣೆ. ಮೇಡಂಗೆ ನೀನೇ ಓದಿ ಹೇಳು:

'ಮಧ್ಯಾಹ್ನ ಹೊರಗೆ ಹೋದರೆ ಬಿಸಿಲು ತಾಗುತ್ತದೆ ಎಂದು ನಿಮ್ಮ ಸಿಬ್ಬಂದಿಗೆ ಸುತ್ತೋಲೆ ಬಂದಿದೆ. ಮಧ್ಯಾಹ್ನ ಒಳಗೆ ಕೂತರೂ ಬಿಸಿ ತಾಗುವುದಿಲ್ಲ ಎಂದು ನಮಗೆ ಸಂದೇಶ ಬಂದಿದೆ. ಎರಡೂ ಬಂದದ್ದು ಒಂದೇ ಸರ್ಕಾರದಿಂದ. ಎರಡರಲ್ಲಿ ಒಂದು ಸುಳ್ಳು. ಯಾವುದು ಎಂದು ನಮ್ಮ ಜೊತೆ ಕೂತು ನೋಡಿ. ಹಿಂದಿನ ಸಲ ನಮ್ಮ ಕುಡಿಯುವ ನೀರಿನಿಂದ ನಿಮ್ಮನ್ನು ತಂಪಾಗಿ ನೋಡಿಕೊಂಡೆವು. ಈ ಸಲ ಸೂರಿನ ಮೇಲೆ ಏನೂ ಹಾಸಿರುವುದಿಲ್ಲ, ನೆಲಕ್ಕೆ ನೀರು ಚಿಮುಕಿಸಿರುವುದಿಲ್ಲ. ನಾವು ದಿನವೂ ಹೇಗಿರುತ್ತೇವೋ ಹಾಗೆಯೇ ಇರುತ್ತೇವೆ. ಪ್ರತಿ ಮನೆಯಲ್ಲೂ ಹಚ್ಚದ ಒಂದು ಮೇಣದಬತ್ತಿ ನಿಲ್ಲಿಸಿರುತ್ತೇವೆ. ನಿಮ್ಮ ಗನ್ನು ಏನು ಹೇಳುತ್ತದೆಯೋ ಬರೆದುಕೊಳ್ಳಿ, ಮೇಣದಬತ್ತಿ ಏನು ಹೇಳುತ್ತದೆಯೋ ಅದನ್ನೂ ಬರೆದುಕೊಳ್ಳಿ. ಬೆಳಿಗ್ಗೆ ಬಂದರೆ ಬಾಗಿಲು ಮುಚ್ಚಿರುತ್ತದೆ.'

ಕೊನೆಯ ಸಾಲು ಅಜ್ಜಿಯದು. ತನ್ನ ಜೀವಮಾನದಲ್ಲಿ ಬಂದವರಿಗೆ ಬಾಗಿಲು ಮುಚ್ಚದವಳು ತಾನೇ ಹೇಳಿ ಬರೆಸಿದಳು. ಬರೆದ ಮೇಲೆ ಎರಡು ಸಲ ಓದಿಸಿ ಕೇಳಿದಳು.

ಕೆಳಗೆ ಸಾಕ್ಷಿ ಎಂದು ನಿನ್ನ ಹೆಸರು ಇದೆ. ಹೊನ್ನೂರಸ್ವಾಮಿ, ಸುಂಕಲಮ್ಮನ ಮಗ, ತಗಡಿನ ಮನೆ, ಸಿರುಗುಪ್ಪ ಎಂದು ಪೂರ್ತಿ ಹಾಕಿದ್ದೇನೆ. ಬೇಡವೆನಿಸಿದರೆ ಹೊಡೆದುಹಾಕು, ನಾನು ಬೈಯುವುದಿಲ್ಲ. ಆದರೆ ನೀನು ಹೊಡೆದುಹಾಕುವುದಿಲ್ಲ ಎಂದು ಅಜ್ಜಿಗೆ ಹೇಳಿದ್ದೇನೆ. ಅವಳು ನಿನ್ನ ಲೋಟವನ್ನು ಇವತ್ತೇ ಹುಣಸೆಹಣ್ಣು ಹಾಕಿ ತಿಕ್ಕಿ ಇಟ್ಟಿದ್ದಾಳೆ.

ಗನ್ನು ನಿನ್ನ ಕೈಯಲ್ಲೇ ಇರಲಿ. ಬಾಗಿಲಿಗೆ ಬಂದ ತಕ್ಷಣ, ಮೇಡಂ ಮುಂದೆಯೇ, ಅವ್ವಾ ಎಂದು ಕೂಗಿಕೊಂಡು ಒಳಗೆ ಬಾ.

ತಕರಾರಿನ ತಲೆಯಲ್ಲಿ ಬರೆದ ಹಾಗೆಯೇ, ಏಪ್ರಿಲ್ 24, ಗುರುವಾರ, ಮಧ್ಯಾಹ್ನ ಎರಡು ಗಂಟೆಗೆ.

ಗೌತಮಿ